ಇಸ್ತ್ರಿ ಹಾಕಿದ ಆರು ನೋಟುಗಳು

ಹಣ ಬದಲಾಯಿಸುವ ಅಂಗಡಿಯ ಗೋಡೆಯ ಮೇಲೆ ದರದ ಫಲಕವಿತ್ತು. ಅದರೊಳಗಿನ ಕೆಂಪು ಅಂಕಿಗಳು ನೋಡನೋಡುತ್ತಿದ್ದಂತೆ ಬದಲಾಗುತ್ತವೆ ಎಂದು ಅತ್ತಿಗೆಗೆ ಯಾರೂ ಮೊದಲೇ ಹೇಳಿರಲಿಲ್ಲ. ಹೇಳಿದ್ದರೆ ಬಾಗಿಲು ತೆಗೆಯುವ ಮುಂಚೆಯೇ ಬಂದು ಮೆಟ್ಟಿಲ ಮೇಲೆ ಕೂತಿರುತ್ತಿದ್ದಳು. ಈಗ ಹದಿನೇಳನೆಯ ನಂಬರಿನ ಚೀಟಿ ಹಿಡಿದು, ಪ್ಲಾಸ್ಟಿಕ್ ಕುರ್ಚಿಯ ತುದಿಯಲ್ಲಿ ಕೂತು, ಒಲೆಯ ಮೇಲಿಟ್ಟ ಹಾಲನ್ನು ಕಾಯುವಂತೆ ಫಲಕವನ್ನು ಕಾಯುತ್ತಿದ್ದಳು.

"ಏರ್ತು! ಅತ್ತಿಗೆ, ಏರ್ತು!" ಪಕ್ಕದಲ್ಲಿದ್ದ ನಾದಿನಿ ಚಪ್ಪಾಳೆ ತಟ್ಟಿದಳು.

"ಏರಿದ್ರೆ ನಮಗೆ ನಷ್ಟ ಕಣೇ. ನಾವು ಕೊಳ್ಳೋರು."

"ಅಯ್ಯೋ ಹೌದಾ? ಹಾಗಾದ್ರೆ ಇಳೀಲಿ. ಇಳಿಯೋ ಮಾರಾಯ, ಇಳಿ!"

ಎದುರು ಸಾಲಿನಲ್ಲಿ, ಆಗತಾನೇ ವಿದೇಶದಿಂದ ಬಂದಿಳಿದ ದಪ್ಪ ಮನುಷ್ಯನೊಬ್ಬ ಉಳಿಕೆ ಹಣ ಮಾರಲು ಕೂತಿದ್ದ. "ಸ್ವಲ್ಪ ತಡೀರಮ್ಮ, ನನ್ನ ಸರದಿ ಮುಗಿಯೋತನಕ ಮೇಲೇ ಇರ್ಲಿ. ಆಮೇಲೆ ಪಾತಾಳಕ್ಕೆ ಇಳಿಸ್ಕೊಳ್ಳಿ," ಎಂದ. ಹೋಗುವವರೆಲ್ಲ ಈ ಕಡೆ, ಬಂದವರೆಲ್ಲ ಆ ಕಡೆ ಆಗಿ, ಹತ್ತೇ ನಿಮಿಷದಲ್ಲಿ ಅಂಗಡಿ ಆಟದ ಮೈದಾನವಾಯಿತು. ಅಂಕಿ ಇಳಿದರೆ ಇವರು ಹೋ ಎಂದರು, ಏರಿದರೆ ಅವರು ಹೋ ಎಂದರು. ಅತ್ತಿಗೆ ಮಾತ್ರ ತುಟಿ ಪಿಟಕ್ಕೆನ್ನಲಿಲ್ಲ. ಗದ್ದಲದಲ್ಲಿ ತನ್ನ ನಂಬರು ಕೂಗಿದ್ದು ಕೇಳದೆ ಹೋದರೆ ಎಂಬ ಚಿಂತೆ ಅವಳಿಗೆ.

ಇವರಿಬ್ಬರದೂ ಒಂದೇ ಮನೆ, ಒಂದೇ ಇಸ್ತ್ರಿ ಅಂಗಡಿ. ಅತ್ತಿಗೆ ಮದುವೆಯಾಗಿ ಬಂದ ಮೂರನೆಯ ದಿನವೇ ಇಸ್ತ್ರಿಪೆಟ್ಟಿಗೆ ಹಿಡಿದವಳು. ನಾದಿನಿ ಮದುವೆಯ ಗೊಡವೆಗೇ ಹೋಗದೆ ಅಣ್ಣನ ಮನೆಯಲ್ಲಿ ಉಳಿದವಳು. ಬೀದಿಯವರು ಅವಳನ್ನು ಚಿನಕುರುಳಿ ಎನ್ನುತ್ತಿದ್ದರು. ವಯಸ್ಸು ಐವತ್ತಕ್ಕೆ ಬಂದರೂ ಆ ಹೆಸರು ಅವಳಿಗೆ ಸಡಿಲವಾಗಿರಲಿಲ್ಲ. ಮೂವತ್ತು ವರ್ಷ ಬೆಂಕಿಯಂಥ ಮೇಜಿನ ಎರಡು ಬದಿಯಲ್ಲಿ ನಿಂತು ಬೆವರಿದ ಈ ಇಬ್ಬರು ಹೆಂಗಸರಿಗೆ ಒಂದೇ ಒಂದು ಆಸೆಯಿತ್ತು. ಮೂಗಿನ ತುದಿ ಮರಗಟ್ಟುವಂಥ ಊರಿಗೆ ಹೋಗಬೇಕು. ಬಾಯಿ ತೆಗೆದರೆ ಹೊಗೆ ಬರಬೇಕು. ಐದು ದಿನ ಇಸ್ತ್ರಿಪೆಟ್ಟಿಗೆಯ ಮುಖ ನೋಡಬಾರದು.

ಟಿಕೆಟ್ ಆಗಿತ್ತು, ಕೋಣೆ ಆಗಿತ್ತು, ವೀಸಾ ಆಗಿತ್ತು. ಉಳಿದದ್ದು ಒಂದೇ ನಿಯಮ. ಆ ದೇಶದ ಬಾಗಿಲಲ್ಲಿ ಪ್ರತಿಯೊಬ್ಬರೂ ಅಲ್ಲಿನ ಹಣದಲ್ಲಿ ಆರುನೂರು ತೋರಿಸಬೇಕು. ತೋರಿಸದಿದ್ದರೆ ಬಂದ ವಿಮಾನದಲ್ಲೇ ವಾಪಸ್. ಆ ಸಾಲನ್ನು ಅತ್ತಿಗೆ ಹನ್ನೊಂದು ಸಲ ಓದಿದ್ದಳು. ಹನ್ನೆರಡನೆಯ ಸಲ ಗಂಡನಿಂದ ಓದಿಸಿ ಕೇಳಿದ್ದಳು, ಓದುವವರು ಬದಲಾದರೆ ನಿಯಮ ಸ್ವಲ್ಪ ಮೆತ್ತಗಾದೀತೇನೋ ಎಂದು.

ಕನ್ನಡಕದ ಗುಮಾಸ್ತ ನೂರರ ನೋಟುಗಳನ್ನು ಆರು ಆರರಂತೆ ಎರಡು ಲಕೋಟೆಗೆ ಎಣಿಸಿ ಹಾಕಿದ.

"ಇನ್ನೊಂದ್ಸಲ ಎಣಿಸಿ," ಎಂದಳು ಅತ್ತಿಗೆ.

ಎಣಿಸಿದ.

"ಇನ್ನೊಂದೇ ಒಂದ್ಸಲ."

"ಅಮ್ಮಾ, ಎಷ್ಟು ಸಲ ಎಣಿಸಿದ್ರೂ ಆರೇ. ಇವು ಮರಿ ಹಾಕೋ ಜಾತಿ ಅಲ್ಲ," ಎಂದ ಗುಮಾಸ್ತ. ಮತ್ತೆ ಲಕೋಟೆ ನೀಡುತ್ತ, "ಮಡಿಸ್ಬೇಡಿ. ಮಡಿಕೆ ಬಿದ್ದ ನೋಟು ಕೆಲವರು ಮುಟ್ಟೋದಿಲ್ಲ," ಎಂದು ಸೇರಿಸಿದ. ಅವನು ಅಷ್ಟು ಹೇಳದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ನಾದಿನಿ ತನ್ನ ಲಕೋಟೆಯನ್ನು ಚೀಲದಲ್ಲಿದ್ದ ವಾರಪತ್ರಿಕೆಯ ನಡುವೆ ತುರುಕಿ ಮರೆತೇಬಿಟ್ಟಳು. ಅತ್ತಿಗೆ ಮರೆಯುವವಳಲ್ಲ. ಬಸ್ಸಿನಲ್ಲಿ ಕಳ್ಳರಿರುತ್ತಾರೆ, ಚೀಲಕ್ಕೆ ಬ್ಲೇಡ್ ಹಾಕುತ್ತಾರೆ. ಅವಳು ಲಕೋಟೆಯನ್ನು ಮುಷ್ಟಿಯಲ್ಲೇ ಹಿಡಿದಳು. ಬಸ್ಸು ತಿರುಗಿದಾಗ ಬಿಗಿ ಹಿಡಿದಳು, ಯಾರೋ ಪಕ್ಕಕ್ಕೆ ಬಂದು ನಿಂತಾಗ ಇನ್ನೂ ಬಿಗಿ ಹಿಡಿದಳು. ಮನೆಗೆ ಬಂದು ಬೆರಳು ಬಿಡಿಸಿದಾಗ ಲಕೋಟೆ ನಿಂಬೆಹಣ್ಣಿನಷ್ಟಾಗಿತ್ತು.

"ಬರೀ ಮಡಿಕೆಯಲ್ಲ ಅತ್ತಿಗೆ," ನಾದಿನಿ ಬಗ್ಗಿ ನೋಡಿ ಹೇಳಿದಳು, "ಹಿಂಡಿ ರಸ ತೆಗ್ದಿದೀರ."

ಆದರೆ ಸುಕ್ಕು ಕಂಡು ಹೆದರುವ ಮನೆಯೇ ಅದು? ಅವರ ಅಂಗಡಿಯಲ್ಲಿ ಅತ್ತೆಯ ಕಾಲದಿಂದಲೂ ಒಂದು ರೂಢಿಯಿತ್ತು. ಗಿರಾಕಿಗಳು ಕೊಟ್ಟ ನೋಟುಗಳನ್ನೆಲ್ಲ ಸಂಜೆ ಹತ್ತಿಬಟ್ಟೆಯ ಎರಡು ಪದರದ ನಡುವೆ ಸಾಲಾಗಿ ಜೋಡಿಸಿ, ಮೇಲಿಂದ ಒಮ್ಮೆ ಇಸ್ತ್ರಿ ಎಳೆಯುವುದು. ಇಸ್ತ್ರಿ ಅಂಗಡಿಯಿಂದ ಸುಕ್ಕಿನ ನೋಟು ಹೊರಗೆ ಹೋದರೆ ಮಾನ ಹೋದಂತೆ ಎನ್ನುತ್ತಿದ್ದರು ಅತ್ತೆ. ಬ್ಯಾಂಕಿನ ಕ್ಯಾಷಿಯರ್ ಇವರ ಕಟ್ಟನ್ನು ಮೂಸಿ ನೋಡಿ, "ಬಿಸಿಬಿಸಿ ಬಂತು," ಎನ್ನುತ್ತಿದ್ದ.

ಅತ್ತಿಗೆ ಆರು ನೋಟುಗಳನ್ನು ಬಟ್ಟೆಯ ಮೇಲೆ ಸಾಲಾಗಿ ಇಟ್ಟಳು. ಬೆರಳಿಗೆ ನುಣುಪಾಗಿ, ಗರಿಗರಿಯಾಗಿ ಹತ್ತಿದವು. ಒತ್ತಿದರೆ ಮತ್ತೆ ಪುಟಿದೇಳುತ್ತಿದ್ದವು.

"ನೋಡೇ, ಎಂಥಾ ಗಂಜಿ ಹಾಕಿದಾರೆ," ಎಂದಳು ಮೆಚ್ಚಿಕೊಂಡು. "ನಮ್ಮ ನೋಟು ಇದರ ಮುಂದೆ ತೊಳೆದ ಚಿಂದಿ."

ಗಂಜಿ ಹಾಕಿದ ಬಟ್ಟೆಗೆ ಪೂರ್ತಿ ಕಾವು ಬೇಕು. ಮೂವತ್ತು ವರ್ಷದ ಕೈ, ಯೋಚಿಸದೆ ಗುಂಡಿಯನ್ನು ಕೊನೆಯವರೆಗೆ ತಿರುಗಿಸಿತು. ಮೇಲಿನ ಪದರ ಮುಚ್ಚಿ, ನೀರು ಚಿಮುಕಿಸಿ, ಎಡದಿಂದ ಬಲಕ್ಕೆ ಭಾರ ಕೊಟ್ಟು ಎಳೆದಳು. ಮತ್ತೆ ಬಲದಿಂದ ಎಡಕ್ಕೆ.

ಬಟ್ಟೆಯ ಕೆಳಗೆ ಏನೋ ಮಿಸುಕಿದಂತಾಯಿತು.

ಪದರ ತೆಗೆದಳು. ಆರು ನೋಟುಗಳೂ ಇದ್ದವು. ಸುಕ್ಕು ಒಂದೂ ಇರಲಿಲ್ಲ. ಆದರೆ ಒಂದೊಂದೂ ಬಸ್ ಟಿಕೆಟ್ಟಿನಷ್ಟಾಗಿತ್ತು. ನೋಟಿನ ಮೇಲಿನ ಗಡ್ಡದ ಮಹಾಶಯ ಬಟಾಣಿಯಷ್ಟು ಮುಖ ಮಾಡಿಕೊಂಡು, ಸಕಲ ವಿವರಗಳೊಂದಿಗೆ, ಅವಳನ್ನೇ ದುರುಗುಟ್ಟಿ ನೋಡುತ್ತಿದ್ದ.

ಅತ್ತಿಗೆಯ ಬಾಯಿಂದ ಹೊರಟದ್ದು ಕೂಗೂ ಅಲ್ಲ, ಅಳುವೂ ಅಲ್ಲ. ನೀರು ಚಿಮುಕಿಸುವ ಬಾಟಲಿ ಖಾಲಿಯಾದಾಗ ಹೊರಡುವಂಥ ಸದ್ದು. ನಾದಿನಿ ಓಡಿ ಬಂದಳು. ನೋಡಿದಳು. ಒಂದು ನೋಟನ್ನು ಎತ್ತಿ ಅಂಗೈಯಲ್ಲಿಟ್ಟುಕೊಂಡಳು. ಬೆರಳಿಂದ ತಟ್ಟಿದಳು, ಟಕ್ ಟಕ್ ಎಂದಿತು. ಆಮೇಲೆ ಗೋಡೆ ಹಿಡಿದುಕೊಂಡು, ಗೋಡೆ ಸಾಲದೆ ನೆಲಕ್ಕೆ ಕುಸಿದು, ಹೊಟ್ಟೆ ಹುಣ್ಣಾಗುವಂತೆ ನಕ್ಕಳು.

"ನಗ್ಬೇಡ್ವೇ! ನನ್ನ ಆರುನೂರು! ನಾಳೆ ಬೆಳಿಗ್ಗೆ ವಿಮಾನ!"

"ಅತ್ತಿಗೆ... ಇದು ಕಾಗದ ಅಲ್ಲ... ಪ್ಲಾಸ್ಟಿಕ್ಕು..." ನಾದಿನಿಗೆ ಉಸಿರು ಸಿಗಲಿಲ್ಲ. "ನಡುವೆ ಕಿಟಕಿ ಇದೆ ನೋಡಿ... ಗಾಜಿನ ಥರ... ನಿಮಗೆ ಕಾಣ್ಲಿಲ್ವಾ?"

"ಅಲಂಕಾರ ಅಂದ್ಕೊಂಡೆ!"

ಗದ್ದಲ ಕೇಳಿ ಅತ್ತಿಗೆಯ ಗಂಡ ಬಟ್ಟೆಗಂಟನ್ನು ಹೆಗಲ ಮೇಲೆ ಹೊತ್ತೇ ಒಳಗೆ ಬಂದ. ಮೇಜಿನ ಮೇಲೆ ಕಣ್ಣಾಡಿಸಿದ. ಗಂಟನ್ನು ಕೆಳಗಿಟ್ಟು ಇನ್ನೊಮ್ಮೆ ನೋಡಿದ.

"ಮೂವತ್ತು ವರ್ಷ ಒಂದು ಷರಟಿನ ತೋಳು ಸುಟ್ಟೋಳಲ್ಲ," ಎಂದ ಗೌರವದಿಂದ. "ಸುಟ್ಟಿದ್ದು ಒಂದ್ಸಲ, ಅದೂ ಒಂದು ದೇಶದ ಖಜಾನೆ."

"ಸುಮ್ನಿರಿ ನೀವು!"

"ಅಲ್ಲಾ, ಒಂದೇ ಅಳತೆಗೆ ತಂದಿದೀಯಲ್ಲೇ ಆರನ್ನೂ. ಅದೂ ಕಸುಬೇ."

ಹಣ ಬದಲಾಯಿಸುವ ಅಂಗಡಿ ಮುಚ್ಚಲು ಇನ್ನು ಅರ್ಧ ಗಂಟೆಯಿತ್ತು. ಇಬ್ಬರೂ ಆಟೊ ಹಿಡಿದು ಓಡಿದರು. ಕನ್ನಡಕದ ಗುಮಾಸ್ತ ಆ ಆರು ಚೂರುಗಳನ್ನು ನೋಡಿ, ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡು, "ಕ್ಷಮಿಸಿ," ಎಂದು ಕಂಪ್ಯೂಟರಿನ ಹಿಂದೆ ಬಗ್ಗಿದ. ಅವನ ಹೆಗಲು ಮಾತ್ರ ಕಾಣುತ್ತಿತ್ತು. ಅದು ಕುಲುಕುತ್ತಿತ್ತು.

"ನಕ್ಕು ಮುಗಿದ್ಮೇಲೆ ಬದಲಾಯಿಸಿ ಕೊಡಿ," ಎಂದಳು ಅತ್ತಿಗೆ.

"ಆಗಲ್ಲಮ್ಮ. ಹಾಳಾದ ನೋಟು ನಾವು ತಗೊಳ್ಳೋ ಹಾಗಿಲ್ಲ. ಆ ದೇಶದ ದೊಡ್ಡ ಬ್ಯಾಂಕೇ ತಗೋಬೇಕು. ನಂಬರು ಓದೋಕಾದ್ರೆ ತಗೊಂಡು ಹೊಸದು ಕೊಡ್ತಾರೆ."

"ಹಾಗಾದ್ರೆ ಆಯ್ತಲ್ಲ! ಅಲ್ಲಿಗೇ ತಾನೆ ಹೋಗ್ತಿರೋದು," ಎಂದಳು ನಾದಿನಿ.

"ಬ್ಯಾಂಕು ಊರೊಳಗಿದೆ," ಗುಮಾಸ್ತ ಮೆಲ್ಲಗೆ ಹೇಳಿದ. "ಊರೊಳಗೆ ಹೋಗೋಕೆ ಮೊದಲು ಬಾಗಿಲಲ್ಲಿ ದುಡ್ಡು ತೋರಿಸ್ಬೇಕು. ಅಲ್ಲಿರೋ ಅಧಿಕಾರಿ ಇದನ್ನ ದುಡ್ಡು ಅಂದ್ರೆ ದುಡ್ಡು. ಇಲ್ಲಾಂದ್ರೆ..."

ಇಲ್ಲಾಂದ್ರೆ ಏನು ಎಂಬುದನ್ನು ಹನ್ನೆರಡು ಸಲ ತಿಳಿದುಕೊಂಡಿದ್ದಳು ಅತ್ತಿಗೆ. ಬೇರೆ ಹಣ ಕೊಳ್ಳಲು ಕೈಯಲ್ಲಿ ಏನೂ ಉಳಿದಿರಲಿಲ್ಲ. ಇದ್ದಬದ್ದದ್ದನ್ನೆಲ್ಲ ಗೋರಿಕೊಂಡು ಬೆಳಿಗ್ಗೆ ಇದೇ ಕಿಂಡಿಯೊಳಗೆ ಸುರಿದಿದ್ದರು.

ಹೊರಗೆ ಬಂದು ಅಂಗಡಿಯ ಮೆಟ್ಟಿಲ ಮೇಲೆ ಕೂತರು. ಅತ್ತಿಗೆ ನಿಧಾನವಾಗಿ, ಒಂದೊಂದೇ ಮಾತು ಆರಿಸಿಕೊಂಡು ಹೇಳಿದಳು. "ನಿನ್ನ ದುಡ್ಡು ಸರಿಯಾಗಿದೆ. ನೀನು ಹೋಗಿ ಬಾ. ನನಗೆ ಫೋಟೊ ಕಳಿಸು. ಮೂಗು ಕೆಂಪಾಗಿರೋ ಫೋಟೊ."

ನಾದಿನಿ ಅವಳನ್ನೇ ದಿಟ್ಟಿಸಿದಳು. ಆಮೇಲೆ ತನ್ನ ವಾರಪತ್ರಿಕೆ ತೆಗೆದು, ಲಕೋಟೆ ಬಿಡಿಸಿ, ಮೂರು ದೊಡ್ಡ ನೋಟುಗಳನ್ನು ಎಳೆದು ಅತ್ತಿಗೆಯ ಮಡಿಲಲ್ಲಿ ಹಾಕಿದಳು. ಅತ್ತಿಗೆಯ ಕೈಯಿಂದ ಮೂರು ಚಿಕ್ಕವನ್ನು ಕಿತ್ತುಕೊಂಡಳು.

"ಈಗ ಇಬ್ರದ್ದೂ ಒಂದೇ ಗತಿ."

"ಹುಚ್ಚು ಹಿಡಿದಿದ್ಯೇನೇ? ಒಬ್ರು ಹೋಗೋ ಕಡೆ ಇಬ್ರೂ ವಾಪಸ್ ಬರೋ ಹಾಗೆ ಮಾಡ್ತಿದೀಯ!"

"ಹೋದ್ರೆ ಇಬ್ರೂ, ಬಂದ್ರೆ ಇಬ್ರೂ. ಒಬ್ಳೇ ಹೋಗಿ ನಾನು ಯಾರ ಮುಖಕ್ಕೆ ಹೊಗೆ ಬಿಡ್ಲಿ? ಎದ್ದೇಳಿ, ಸ್ವೆಟರ್ ಮಡಿಸೋದಿದೆ. ಇಸ್ತ್ರಿ ಮಾತ್ರ ಹಾಕ್ಬೇಡಿ."

ಮರುದಿನ ವಿಮಾನದಲ್ಲಿ ಅತ್ತಿಗೆ ಒಂದು ನಿಮಿಷವೂ ಒರಗಲಿಲ್ಲ. ರೆಕ್ಕೆ ಸರಿಯಾಗಿದೆಯೇ ಎಂದು ಕಿಟಕಿಯಿಂದ ನೋಡುತ್ತಿದ್ದಳು, ಅದು ಅಲ್ಲಾಡಿದಾಗಲೆಲ್ಲ ಚೀಲದಲ್ಲಿದ್ದ ನೋಟುಗಳನ್ನು ಮುಟ್ಟಿ ನೋಡುತ್ತಿದ್ದಳು. ನಾದಿನಿಗೆ ನೆಲದ ಮೇಲೆ ಕಾಲು ನಿಲ್ಲುತ್ತಿರಲಿಲ್ಲ. ವಿಮಾನದಲ್ಲಿ ನೆಲವೂ ಇರಲಿಲ್ಲವಾದ್ದರಿಂದ ಅವಳಿಗೆ ಎಲ್ಲ ಸಲೀಸಾಯಿತು. ಎರಡು ಸಲ ಜ್ಯೂಸ್ ಕುಡಿದು, ಮುಂದಿನ ಸೀಟಿನವನ ಕೋಟಿನ ಬೆನ್ನು ನೋಡಿ, "ಉಣ್ಣೆ. ಹಸಿಬಟ್ಟೆ ಹಾಕಿ ಒತ್ತಿಲ್ಲ, ಹೊಳಪು ಬಂದ್ಬಿಟ್ಟಿದೆ, ಪಾಪ," ಎಂದು ಮರುಗಿದಳು.

ಇಳಿದ ಮೇಲೆ ಉದ್ದನೆಯ ಹಾಲ್. ಹಗ್ಗ ಕಟ್ಟಿದ ಸಾಲು ಹಾವಿನಂತೆ ಹರಿದು ಗಾಜಿನ ಕೌಂಟರುಗಳ ಮುಂದೆ ಮುಗಿಯುತ್ತಿತ್ತು. ಇವರ ಪಾಲಿಗೆ ಬಂದ ಕೌಂಟರಿನಲ್ಲಿ ತರುಣಿಯೊಬ್ಬಳು ಕೂತಿದ್ದಳು. ಇಬ್ಬರ ಪಾಸ್‌ಪೋರ್ಟನ್ನೂ ಒಟ್ಟಿಗೆ ತೆಗೆದುಕೊಂಡು ಏನೋ ಕೇಳಿದಳು. ನಾದಿನಿ ಮೊಬೈಲ್ ಮುಂದೆ ಹಿಡಿದಳು. ಅದು ತರುಣಿಯ ಮಾತನ್ನು ಕೇಳಿಸಿಕೊಂಡು, ಗಂಟಲು ಸರಿಮಾಡಿಕೊಂಡ ಪಂಡಿತರಂತೆ ಕನ್ನಡದಲ್ಲಿ ಹೇಳಿತು:

"ದಯವಿಟ್ಟು ತಮ್ಮ ಹಣವನ್ನು ಪ್ರದರ್ಶಿಸಿರಿ."

ಅತ್ತಿಗೆ ಮೂರು ದೊಡ್ಡವನ್ನು ಮೊದಲು ಇಟ್ಟಳು. ಆಮೇಲೆ ಅವುಗಳ ಪಕ್ಕದಲ್ಲಿ ಮೂರು ಚಿಕ್ಕವನ್ನು. ನಾದಿನಿಯೂ ಹಾಗೆಯೇ ಇಟ್ಟಳು. ಗಾಜಿನ ಮುಂದೆ ಆರು ತಾಯಂದಿರು ಆರು ಮಕ್ಕಳ ಕೈ ಹಿಡಿದು ನಿಂತಂತೆ ಕಾಣಿಸಿತು.

ತರುಣಿ ಮೊದಲು ನಕ್ಕಳು. ಆಮೇಲೆ ಒಂದು ಚಿಕ್ಕದನ್ನು ಎತ್ತಿಕೊಂಡು ಬೆಳಕಿಗೆ ಹಿಡಿದು ನಗು ನಿಲ್ಲಿಸಿದಳು. ಗಂಟೆ ಒತ್ತಿದಳು. ಪೊದೆ ಮೀಸೆಯ ಮೇಲಧಿಕಾರಿ ಬಂದ. ಅವನು ಸ್ಕೇಲ್ ತರಿಸಿ ಉದ್ದ ಅಗಲ ಅಳೆದ. ಭೂತಗನ್ನಡಿ ತರಿಸಿ ನಂಬರು ಓದಿದ. ಅವನ ಹುಬ್ಬು ಗಂಟಿಕ್ಕಿತು.

"ಇವುಗಳನ್ನು ಎಲ್ಲಿ ಮುದ್ರಿಸಲಾಯಿತು?" ಎಂದಿತು ಮೊಬೈಲ್.

"ಅಯ್ಯಯ್ಯೋ! ನಾವು ಮುದ್ರಿಸಿಲ್ಲಪ್ಪಾ! ಇಸ್ತ್ರಿ ಹಾಕಿದ್ದು!" ಎಂದಳು ಅತ್ತಿಗೆ.

ಮೊಬೈಲ್ ಅದನ್ನು ಹೇಳಿತು. ಮೀಸೆಯವನು ನಂಬಲಿಲ್ಲ ಎಂಬುದಕ್ಕೆ ಅನುವಾದ ಬೇಕಿರಲಿಲ್ಲ. ಹಣಕ್ಕೆ ಯಾರಾದರೂ ಇಸ್ತ್ರಿ ಹಾಕುತ್ತಾರೆಯೇ? ಅತ್ತಿಗೆ ತನ್ನ ಕೈ ಮುಂದೆ ಚಾಚಿ, ಗಾಳಿಯಲ್ಲೇ ಬಟ್ಟೆ ಹರವಿದಳು, ನೀರು ಚಿಮುಕಿಸಿದಳು, ಭಾರ ಕೊಟ್ಟು ಎಳೆದಳು. ನಾದಿನಿ ಪಕ್ಕದಲ್ಲಿ ನಿಂತು ಬಾಯಲ್ಲಿ ಸ್ಸ್ಸ್ ಎಂದು ಉಗಿಯ ಸದ್ದು ಮಾಡಿದಳು. ಹಿಂದಿನ ಸಾಲಿನಲ್ಲಿದ್ದ ಮಗುವೊಂದು ಕೈ ತಟ್ಟಿತು.

ಮೀಸೆಯವನು ಕ್ಷಣ ಯೋಚಿಸಿ, ನೋಟು ಪಾಸ್‌ಪೋರ್ಟುಗಳನ್ನೆಲ್ಲ ಎತ್ತಿಕೊಂಡು, ಬನ್ನಿ ಎಂಬಂತೆ ಬೆರಳಾಡಿಸಿದ.

ಇದೇ ವಾಪಸ್ ಕಳಿಸುವ ದಾರಿ ಎಂದುಕೊಂಡಳು ಅತ್ತಿಗೆ. ನಾದಿನಿಯ ಕೈ ಹಿಡಿದಳು. ಆದರೆ ಅವನು ಕರೆದುಕೊಂಡು ಹೋದದ್ದು ಹಿಂದಿನ ಸಿಬ್ಬಂದಿ ಕೋಣೆಗೆ. ತರುಣಿಯೂ ಹಿಂದೆಯೇ ಬಂದಳು. ಅಲ್ಲಿ ಚಹಾ ಕುಡಿಯುತ್ತಿದ್ದ ಒಂದಿಬ್ಬರು ಅಧಿಕಾರಿಗಳಿದ್ದರು, ಗೂಟಕ್ಕೆ ನೇತುಹಾಕಿದ ಸಮವಸ್ತ್ರದ ಕೋಟುಗಳಿದ್ದವು. ಮೂಲೆಯಲ್ಲಿ ಮೂರು ಕಾಲಿನ ಮೇಲೆ ಇಸ್ತ್ರಿ ಹಲಗೆ, ಅದರ ಮೇಲೊಂದು ಇಸ್ತ್ರಿಪೆಟ್ಟಿಗೆ.

ಮೀಸೆಯವನು ತನ್ನ ಪಾಕೀಟು ತೆಗೆದು, ಇದ್ದುದರಲ್ಲಿ ಅತಿ ಚಿಕ್ಕ ಬೆಲೆಯ ನೋಟೊಂದನ್ನು ಹುಡುಕಿ, ಹಲಗೆಯ ಮೇಲಿಟ್ಟ. ಮೊಬೈಲಿಗೆ ಏನೋ ಹೇಳಿದ.

"ಮಾಡಿ ತೋರಿಸತಕ್ಕದ್ದು," ಎಂದಿತು ಅದು.

"ಬೇಡ ಕಣೇ," ಅತ್ತಿಗೆ ಪಿಸುಗುಟ್ಟಿದಳು. "ಇದು ಸರ್ಕಾರದ ಆಸ್ತಿ. ಸಿಕ್ಕಿಸಿಹಾಕೋಕೆ ಮಾಡ್ತಿದಾನೆ."

"ಅವನ ಜೇಬಿನ ಆಸ್ತಿ. ಹಾಕಿ ಅತ್ತಿಗೆ! ನಮ್ಮ ಮಾತು ನಿಜ ಅಂತ ಬಾಯಲ್ಲಿ ಹೇಳಿ ಆಯ್ತು, ಇನ್ನು ನಿಮ್ಮ ಕೈಯೇ ಹೇಳ್ಬೇಕು."

ಅತ್ತಿಗೆ ಇಸ್ತ್ರಿಪೆಟ್ಟಿಗೆಯನ್ನು ಎತ್ತಿದಳು. ನಮ್ಮದಕ್ಕಿಂತ ಹಗುರ, ತಳದಲ್ಲಿ ಕಲೆ, ವೈರು ತಿರುಚಿದೆ. ಅಷ್ಟೆಲ್ಲ ಕೈಗೆ ತಾನಾಗಿ ತಿಳಿಯಿತು. ತಿಳಿದಂತೆ ಎದೆಬಡಿತ ಇಳಿಯಿತು. ಗುಂಡಿ ತಿರುಗಿಸಿದಳು, ಒದ್ದೆ ಬೆರಳಿಂದ ತಳ ಮುಟ್ಟಿ ಚುಯ್ ಎನ್ನಿಸಿದಳು. ಅಧಿಕಾರಿಗಳು ಒಟ್ಟಾಗಿ ಒಂದು ಹೆಜ್ಜೆ ಹಿಂದೆ ಸರಿದರು. ಕರವಸ್ತ್ರ ಮುಚ್ಚಿ, ಎಡದಿಂದ ಬಲಕ್ಕೆ ಎಳೆದಳು. ಬಲದಿಂದ ಎಡಕ್ಕೆ. ಕರವಸ್ತ್ರ ತೆಗೆದಳು.

ಕೋಣೆ ಕಿವಿ ಗಡಚಿಕ್ಕುವಂತೆ ಹೋ ಎಂದಿತು.

ಮೀಸೆಯವನು ತನ್ನ ಕಿರುನೋಟನ್ನು ಅಂಗೈಯಲ್ಲಿಟ್ಟುಕೊಂಡು, ತರುಣಿಗೆ ತೋರಿಸಿದ, ಅವಳು ಇನ್ನೊಬ್ಬನಿಗೆ ತೋರಿಸಿದಳು, ಅವನು ಬಾಗಿಲಾಚೆ ಕಾವಲಿದ್ದವನನ್ನು ಕೂಗಿ ಕರೆದ. ಎಲ್ಲರೂ ಪಾಕೀಟು ತೆಗೆದರು. ನಾದಿನಿ ಎರಡೂ ಕೈ ಎತ್ತಿ ಸಾಲು ಹಿಡಿಸತೊಡಗಿದಳು. "ಒಬ್ಬೊಬ್ರೇ, ಒಬ್ಬೊಬ್ರೇ! ದೊಡ್ಡ ನೋಟು ಬೇಡ, ಚಿಲ್ಲರೆ ಮಾತ್ರ!" ಮೊಬೈಲ್ ಅದನ್ನೂ ಅನುವಾದಿಸಿ, ಗಂಭೀರವಾಗಿ ಸಾರಿತು.

ಏಳು ನೋಟುಗಳಾದವು. ಎಂಟನೆಯದರ ಹೊತ್ತಿಗೆ ಮೀಸೆಯವನು ಕೈ ಎತ್ತಿ ಎಲ್ಲರನ್ನೂ ಸುಮ್ಮನಾಗಿಸಿದ. ಮೇಜಿನ ಮೇಲೆ ಇವರ ನೋಟುಗಳನ್ನೂ ಪಾಸ್‌ಪೋರ್ಟುಗಳನ್ನೂ ಬಿಡಿಸಿಟ್ಟು, ಮುದ್ರೆ ಕೈಗೆತ್ತಿಕೊಂಡ. ಮುಖ ಬಿಗಿಮಾಡಿಕೊಂಡು, ವೀಸಾದಲ್ಲಿದ್ದ ಒಂದು ಸಾಲಿನ ಮೇಲೆ ಬೆರಳಿಟ್ಟ. ನಾದಿನಿ ಮೊಬೈಲಿನ ಕಣ್ಣನ್ನು ಅದರ ಮೇಲೆ ಹಿಡಿದಳು.

"ಈ ದೇಶದಲ್ಲಿ ಯಾವುದೇ ಕೆಲಸವನ್ನು ಮಾಡತಕ್ಕದ್ದಲ್ಲ," ಎಂದಿತು ಅದು.

ಬೆರಳು ಆ ಸಾಲಿನಿಂದ ಮೇಲೆದ್ದು, ಇನ್ನೂ ಹೊಗೆಯಾಡುತ್ತಿದ್ದ ಇಸ್ತ್ರಿಪೆಟ್ಟಿಗೆಯ ಕಡೆ ತಿರುಗಿತು. ಅಲ್ಲಿಂದ ಅತ್ತಿಗೆಯ ಕಡೆಗೆ.

ಅತ್ತಿಗೆ ನಿಯಮ ಹನ್ನೆರಡು ಸಲ ಓದಿದವಳು. ಈ ಒಂದು ಸಾಲು ಹೇಗೆ ತಪ್ಪಿಸಿಕೊಂಡಿತು? ನಾದಿನಿಯತ್ತ ನೋಡಿದಳು. ಮೂವತ್ತು ವರ್ಷದಲ್ಲಿ ಮೊದಲ ಸಲ ಚಿನಕುರುಳಿಗೂ ಮಾತು ಹೊರಡಲಿಲ್ಲ. ಕೋಣೆಯ ಅಷ್ಟೂ ಕಣ್ಣುಗಳು ಅತ್ತಿಗೆಯ ಮೇಲಿದ್ದವು. ಅಳು ಬರುತ್ತದೆ ಎಂದುಕೊಂಡಳು. ಬಂದದ್ದು ಸಿಟ್ಟು.

ಮೊಬೈಲನ್ನು ನಾದಿನಿಯ ಕೈಯಿಂದ ತೆಗೆದುಕೊಂಡು ಬಾಯಿಯ ಹತ್ತಿರ ಹಿಡಿದಳು.

"ಕೂಲಿ ಕೊಟ್ರೆ ಕೆಲಸ," ಎಂದಳು ಒತ್ತಿ ಒತ್ತಿ. "ನೀವು ಕೊಟ್ಟಿದೀರಾ? ಇಲ್ಲ. ಹಾಗಾದ್ರೆ ಇದು ಕೆಲಸ ಅಲ್ಲ, ತಮಾಷೆ. ತಮಾಷೆ ಮಾಡಬಾರದು ಅಂತ ಎಲ್ಲಿ ಬರೆದಿದೆ ತೋರಿಸಿ."

ಮೊಬೈಲ್ ಗಂಟಲು ಸರಿಮಾಡಿಕೊಂಡು ಎಲ್ಲವನ್ನೂ ಹೇಳಿತು. ಮೀಸೆಯವನು ವೀಸಾದ ಪುಟವನ್ನು ಮೇಲಿಂದ ಕೆಳಗೆ ಓದಿದ. ತಿರುಗಿಸಿ ಹಿಂದಿನ ಪುಟವನ್ನೂ ಓದಿದ. ಮೀಸೆಯ ಒಂದು ತುದಿ ಅದುರಿತು, ಆಮೇಲೆ ಇನ್ನೊಂದು ತುದಿ. ಆಮೇಲೆ ಅವನು ಮೇಜಿನ ಮೇಲೆ ತಲೆಯಿಟ್ಟುಬಿಟ್ಟ. ತರುಣಿಯೇ ಬಗ್ಗಿ ಅವನ ಕೈಯಿಂದ ಮುದ್ರೆ ಬಿಡಿಸಿಕೊಂಡು, ನಗುತ್ತಲೇ ಮಸಿಗೆ ಒತ್ತಿ, ಅತ್ತಿಗೆಯ ಪುಟದ ಮೇಲೊಂದು, ನಾದಿನಿಯ ಪುಟದ ಮೇಲೊಂದು ಠಪ್ ಎಂದು ಬಡಿದಳು. ಎರಡೂ ವಕ್ರವಾಗಿ ಬಿದ್ದವು.

"ಬನ್ನಿ ಅತ್ತಿಗೆ, ಬನ್ನಿ, ಅವರ ಮನಸ್ಸು ಬದಲಾಗೋದ್ರೊಳಗೆ," ಎಂದು ನಾದಿನಿ ಹನ್ನೆರಡು ನೋಟುಗಳನ್ನೂ ಬಾಚಿ ತನ್ನ ಸ್ವೆಟರಿನ ಜೇಬಿಗೆ ತುರುಕಿದಳು, ದೊಡ್ಡದು ಚಿಕ್ಕದು ಎನ್ನದೆ, ಮುದ್ದೆ ಮಾಡಿ. ಅತ್ತಿಗೆ ಅದನ್ನು ನೋಡಿದಳು. ಒಂದು ಮಾತೂ ಆಡದೆ ಅವಳ ಹಿಂದೆ ಓಡಿದಳು.